ಹೆಣ ಹೊತ್ತವರ ವಿಜ್ಞಾನ

ಸಾಂಕ್ರಾಮಿಕ ರೋಗಗಳನ್ನು ಕುರಿತ ಗ್ರಂಥಗಳಲ್ಲಿ ಸಾಮಾನ್ಯವಾಗಿ ಎರಡು ಜಾತಿ. ಒಂದು, ಅಧಿಕಾರಿಗಳೂ ವೈದ್ಯರೂ ಬರೆಯುವ ವರದಿ. ಅದರಲ್ಲಿ ಅಂಕಿಗಳಿರುತ್ತವೆ, ನಕಾಶೆಗಳಿರುತ್ತವೆ, ಕೊನೆಗೆ ಶಿಫಾರಸುಗಳಿರುತ್ತವೆ. ಇನ್ನೊಂದು, ಪತ್ರಿಕಾಕರ್ತರು ಬರೆಯುವ ಸಾಹಸಕಥೆ. ಅದರಲ್ಲಿ ಬಿಳಿಯ ಕವಚ ತೊಟ್ಟ ನಾಯಕನೊಬ್ಬ ವಿಮಾನದಿಂದಿಳಿದು, ಕಣ್ಣಿಗೆ ಕಾಣದ ವೈರಿಯೊಡನೆ ಹೋರಾಡಿ, ಗೆದ್ದು ತನ್ನ ಊರಿಗೆ ಮರಳುತ್ತಾನೆ. ಈ ಎರಡು ಬಗೆಯ ಗ್ರಂಥಗಳಲ್ಲೂ ರೋಗ ಬಂದ ಊರಿನ ಮನುಷ್ಯನಿಗೆ ಸಿಕ್ಕುವ ಪಾತ್ರ ಒಂದೇ. ಅವನು ಮಲಗಿರುತ್ತಾನೆ, ಇಲ್ಲವೆ ಓಡಿಹೋಗುತ್ತಾನೆ, ಇಲ್ಲವೆ ಗಾಳಿಮಾತನ್ನು ನಂಬಿ ವೈದ್ಯರ ಮೇಲೆ ಕಲ್ಲೆಸೆಯುತ್ತಾನೆ. ಅವನು ಕುಳಿತು ಯೋಚಿಸುವುದನ್ನು ಈ ಸಾಹಿತ್ಯದಲ್ಲಿ ನಾನು ಕಂಡದ್ದು ಅಪರೂಪ.

ಆ ಅಪರೂಪವನ್ನೇ ವಸ್ತುವಾಗಿ ಮಾಡಿಕೊಂಡ ಗ್ರಂಥ ಪಾಲ್ ರಿಚರ್ಡ್ಸ್ ಅವರ ‘ಎಬೋಲ’. ೨೦೧೬ರಲ್ಲಿ ಲಂಡನ್ನಿನ ಜೆಡ್ ಬುಕ್ಸ್‌ನವರು ಇದನ್ನು ಪ್ರಕಟಿಸಿದರು. ಜನರ ವಿಜ್ಞಾನವೊಂದು ಸಾಂಕ್ರಾಮಿಕ ರೋಗವನ್ನು ಕೊನೆಗಾಣಿಸಲು ಹೇಗೆ ನೆರವಾಯಿತು ಎಂಬುದು ಅದರ ಉಪಶೀರ್ಷಿಕೆಯ ಅರ್ಥ. ಪ್ರಕಟವಾಗಿ ವರ್ಷಗಳಾದ ಪುಸ್ತಕವನ್ನು ಈಗ ಎತ್ತಿಕೊಳ್ಳುವುದಕ್ಕೆ ಕಾರಣವಿದೆ. ಸ್ಥಳೀಯ ಸಮುದಾಯದ ಸಹಭಾಗಿತ್ವ ಎಂಬ ಮಾತು ಇಂದು ಆರೋಗ್ಯ ಸಂಶೋಧನೆಯ ಪ್ರತಿಯೊಂದು ಅರ್ಜಿಯಲ್ಲೂ ಇರುತ್ತದೆ. ಮಂಗಳಾರತಿಯಿಲ್ಲದೆ ಪೂಜೆ ಮುಗಿಯದ ಹಾಗೆ ಆ ಮಾತಿಲ್ಲದೆ ಅರ್ಜಿ ಮುಗಿಯುವುದಿಲ್ಲ. ಹೀಗೆ ಎಲ್ಲರ ಬಾಯಲ್ಲಿ ಸವೆದುಹೋಗುತ್ತಿರುವ ಮಾತಿನ ಹಿಂದೆ ನಿಜವಾದ ಅನುಭವವೇನು ಎಂಬುದನ್ನು ತಿಳಿಯಬೇಕಾದರೆ ಇಂಥ ಪುಸ್ತಕದ ಹತ್ತಿರ ಹೋಗಬೇಕು.

ಮೊದಲು ಘಟನೆಗಳ ಚೌಕಟ್ಟು. ೨೦೧೩ರ ಡಿಸೆಂಬರಿನಲ್ಲಿ ಪಶ್ಚಿಮ ಆಫ್ರಿಕದ ಗಿನಿ ದೇಶದ ಮೆಲಿಯಾಂಡು ಎಂಬ ಹಳ್ಳಿಯಲ್ಲಿ ಒಂದು ಮಗು ಸತ್ತಿತು. ಹಬ್ಬುತ್ತಿರುವುದು ಎಬೋಲ ಎಂದು ಜಗತ್ತಿಗೆ ತಿಳಿದದ್ದು ೨೦೧೪ರ ಮಾರ್ಚಿನಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಅಂತರರಾಷ್ಟ್ರೀಯ ತುರ್ತುಸ್ಥಿತಿಯನ್ನು ಸಾರಿದ್ದು ಅದೇ ವರ್ಷದ ಆಗಸ್ಟ್ ೮ರಂದು. ಅಷ್ಟರಲ್ಲಿ ರೋಗ ಗಿನಿಯಿಂದ ಲೈಬೀರಿಯಕ್ಕೂ ಸಿಯೆರಾ ಲಿಯೋನಿಗೂ ದಾಟಿತ್ತು. ಎಲ್ಲ ಮುಗಿದಾಗ ಈ ಮೂರು ದೇಶಗಳಲ್ಲಿ ೨೮,೬೦೦ಕ್ಕೂ ಹೆಚ್ಚು ಜನಕ್ಕೆ ರೋಗ ತಗಲಿ, ೧೧,೩೦೦ಕ್ಕೂ ಹೆಚ್ಚು ಜನ ಸತ್ತಿದ್ದರು. ಇದು ಘೋರವೇ ಸರಿ. ಆದರೆ ಅಮೆರಿಕದ ರೋಗನಿಯಂತ್ರಣ ಕೇಂದ್ರ ೨೦೧೪ರ ಸೆಪ್ಟೆಂಬರಿನಲ್ಲಿ ಹಾಕಿದ ಲೆಕ್ಕ ಇದಕ್ಕಿಂತ ಘೋರವಾಗಿತ್ತು. ಪರಿಸ್ಥಿತಿ ಬದಲಾಗದಿದ್ದರೆ ಲೈಬೀರಿಯ, ಸಿಯೆರಾ ಲಿಯೋನ್ ಎರಡರಲ್ಲಿಯೇ ಮುಂದಿನ ಜನವರಿಯ ಹೊತ್ತಿಗೆ ೧೪ ಲಕ್ಷದವರೆಗೆ ರೋಗಿಗಳಾಗಬಹುದು ಎಂದು ಅದು ಎಚ್ಚರಿಸಿತ್ತು. ಪರಿಸ್ಥಿತಿ ಬದಲಾಯಿತು. ಬದಲಾಯಿಸಿದವರು ಯಾರು? ಈ ಪ್ರಶ್ನೆಯೇ ಗ್ರಂಥದ ಬೀಜ.

ರಿಚರ್ಡ್ಸ್ ವೈದ್ಯರಲ್ಲ, ಮಾನವಶಾಸ್ತ್ರಜ್ಞರು. ಹಾಲೆಂಡಿನ ವಾಗೆನಿಂಗನ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. ದಶಕಗಳ ಕಾಲ ಸಿಯೆರಾ ಲಿಯೋನಿನ ಬತ್ತ ಬೆಳೆಯುವ ಹಳ್ಳಿಗಳಲ್ಲಿ ಓಡಾಡಿದವರು. ಪಶ್ಚಿಮ ಆಫ್ರಿಕದ ರೈತ ತನ್ನ ಹೊಲದಲ್ಲಿ ತಾನೇ ಪ್ರಯೋಗ ಮಾಡುತ್ತಾನೆ, ತಳಿ ಆರಿಸುತ್ತಾನೆ, ಫಲಿತಾಂಶವನ್ನು ಅಳೆಯುತ್ತಾನೆ ಎಂದು ೧೯೮೫ರಲ್ಲಿಯೇ ಒಂದು ಗ್ರಂಥದಲ್ಲಿ ವಾದಿಸಿದ್ದರು. ಬೀಜದ ವಿಷಯದಲ್ಲಿ ಹೇಳಿದ್ದನ್ನು ಈಗ ರೋಗದ ವಿಷಯದಲ್ಲಿ ಹೇಳುತ್ತಿದ್ದಾರೆ. ಆದ್ದರಿಂದ ಇದು ಎಬೋಲ ಬಂದ ಮೇಲೆ ಅವಸರದಲ್ಲಿ ಹುಟ್ಟಿದ ವಿಚಾರವಲ್ಲ. ಗದ್ದೆಯ ಬದುವಿನ ಮೇಲೆ ಕುಳಿತು ಕಲಿತ ಪಾಠವನ್ನು ಸ್ಮಶಾನಕ್ಕೆ ಒಯ್ದಿದ್ದಾರೆ.

ಅವರ ಪ್ರತಿಪಾದನೆಯನ್ನು ತಿಳಿಯುವುದಕ್ಕೆ ರೋಗದ ಸ್ವಭಾವವನ್ನು ಸ್ವಲ್ಪ ತಿಳಿದಿರಬೇಕು. ಎಬೋಲ ಗಾಳಿಯಲ್ಲಿ ಹಾರಿ ಬರುವುದಿಲ್ಲ. ರೋಗಿಯ ರಕ್ತ, ವಾಂತಿ, ಭೇದಿ ಮೊದಲಾದ ದೇಹದ್ರವಗಳ ಸ್ಪರ್ಶದಿಂದ ಬರುತ್ತದೆ. ರೋಗ ಬಲಿತಂತೆಲ್ಲ ದೇಹದಲ್ಲಿ ವೈರಸ್ಸು ಹೆಚ್ಚುತ್ತದೆ. ಸತ್ತ ಹೊಸದರಲ್ಲಿ ದೇಹ ಅತ್ಯಂತ ಅಪಾಯಕಾರಿ. ಎಂದರೆ ಬೀದಿಯಲ್ಲಿ ಹಾದುಹೋದವನಿಗೆ ಅದು ತಗಲುವುದು ಕಡಮೆ. ರಾತ್ರಿಯೆಲ್ಲ ಎದ್ದಿದ್ದು ವಾಂತಿ ಬಳಿದ ತಾಯಿಗೆ, ಹೆಣಕ್ಕೆ ನೀರೆರೆದ ಅಕ್ಕನಿಗೆ, ಹೆಗಲು ಕೊಟ್ಟ ತಮ್ಮನಿಗೆ ಅದು ತಗಲುತ್ತದೆ. ವಾತ್ಸಲ್ಯ ಹರಿಯುವ ಕಾಲುವೆಯಲ್ಲಿಯೇ ಹರಿಯುವ ರೋಗ ಇದು. ರೋಗಿಯನ್ನು ಆರೈಕೆ ಮಾಡುವುದು, ಸತ್ತವರನ್ನು ಮಣ್ಣು ಮಾಡುವುದು, ಈ ಎರಡು ಕೆಲಸಗಳನ್ನು ಯಾರು ಹೇಗೆ ಮಾಡುತ್ತಾರೆ ಎಂಬುದನ್ನು ತಿಳಿದವನಿಗೆ ರೋಗದ ಹಾದಿ ತಿಳಿಯುತ್ತದೆ. ತಿಳಿಯದವನಿಗೆ ಸೂಕ್ಷ್ಮದರ್ಶಕವಿದ್ದರೂ ಹಾದಿ ತಿಳಿಯುವುದಿಲ್ಲ.

ಸಿಯೆರಾ ಲಿಯೋನಿನ ಮೆಂಡೆ ಭಾಷೆಯ ಜನ ಈ ರೋಗವನ್ನು ‘ಬೊಂಡ ವೊಟೆ’ ಎಂದು ಕರೆದರು. ಮನೆಮಂದಿ ತಿರುಗಿಕೊಳ್ಳುವುದು ಎಂದು ಅದರ ಅರ್ಥ. ಈ ಹೆಸರನ್ನು ಓದಿದಾಗ ನಾನು ಬಹಳ ಹೊತ್ತು ಅಲ್ಲಿಯೇ ನಿಂತೆ. ಎಬೋಲ ಎಂಬುದು ಕಾಂಗೋ ದೇಶದ ಒಂದು ನದಿಯ ಹೆಸರು. ೧೯೭೬ರಲ್ಲಿ ಯಾಂಬುಕು ಎಂಬ ಊರಿನಲ್ಲಿ ರೋಗ ಕಾಣಿಸಿಕೊಂಡಾಗ ಊರಿಗೆ ಕಳಂಕ ಬರಬಾರದೆಂದು ವಿಜ್ಞಾನಿಗಳು ದೂರದ ನದಿಯ ಹೆಸರನ್ನು ಇಟ್ಟರು. ಅದು ಸೌಜನ್ಯ, ಆದರೆ ಆ ಹೆಸರು ರೋಗದ ವಿಷಯವಾಗಿ ಏನನ್ನೂ ತಿಳಿಸುವುದಿಲ್ಲ. ಮೆಂಡೆ ಹೆಸರಿನಲ್ಲಾದರೋ ರೋಗದ ಹಾದಿಯೂ ಇದೆ, ಮದ್ದೂ ಇದೆ: ರೋಗ ಹರಡುವುದು ಮನೆಯಲ್ಲಿ; ತಡೆಯಬೇಕಾದರೆ ಮನೆಯವರು ತಮ್ಮ ನಡತೆಯನ್ನು ತಿರುಗಿಸಬೇಕು.

ಕನ್ನಡದ ವಾಚಕರಿಗೆ ಇದು ಅಪರಿಚಿತವಲ್ಲ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸೀಮೆಯಲ್ಲಿ ಒಂದು ಹೊಸ ಜ್ವರ ಕಾಣಿಸಿಕೊಂಡಿತು. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ನಡೆಯುತ್ತಿದ್ದ ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಬಂದು ಅದರ ವೈರಸ್ಸನ್ನು ಗುರುತಿಸಿದರು. ಉಣುಗುಗಳಿಂದ ಹರಡುವುದೆಂದು ತಿಳಿದರು. ಇದೂ ಎಬೋಲದಂತೆ ರಕ್ತಸ್ರಾವಕ್ಕೆ ಎಡೆಮಾಡಬಲ್ಲ ವೈರಸ್ ಜ್ವರವೇ. ಶಾಸ್ತ್ರದಲ್ಲಿ ಅದಕ್ಕೆ ಕ್ಯಾಸನೂರು ಕಾಡಿನ ರೋಗವೆಂದು ಹೆಸರಾಯಿತು. ಮಲೆನಾಡಿನ ಜನ ಅದನ್ನು ಕರೆಯುವುದು ಮಂಗನ ಕಾಯಿಲೆ ಎಂದು. ಕಾಡಿನಲ್ಲಿ ಮಂಗ ಸತ್ತರೆ ಊರಿಗೆ ಜ್ವರ ಬರುತ್ತದೆ ಎಂಬ ತಿಳಿವಳಿಕೆ ಆ ಹೆಸರಿನಲ್ಲಿದೆ. ಸತ್ತ ಮಂಗವನ್ನು ಕಂಡರೆ ಕೂಡಲೆ ತಿಳಿಸಿ ಎಂದು ಆರೋಗ್ಯ ಇಲಾಖೆ ಇಂದಿಗೂ ಕೇಳಿಕೊಳ್ಳುವುದು ಆ ತಿಳಿವಳಿಕೆಯ ಮೇಲೆಯೇ. ರಿಚರ್ಡ್ಸ್ ಜನರ ವಿಜ್ಞಾನ ಎಂದು ಕರೆಯುವುದನ್ನು ನಾವು ದಿನವೂ ಆಡುವ ಮಾತಿನಲ್ಲಿ ಇಟ್ಟುಕೊಂಡಿದ್ದೇವೆ. ಆದರೆ ಅದನ್ನು ವಿಜ್ಞಾನವೆಂದು ಕರೆದವರು ಕಡಮೆ.

ಗ್ರಂಥದಲ್ಲಿ ನನಗೆ ಅತ್ಯುತ್ತಮವಾಗಿ ತೋರಿದ್ದು ಶವಸಂಸ್ಕಾರದ ಭಾಗ. ಹೊರಗಿನಿಂದ ಬಂದ ವೈದ್ಯರಿಗೆ ಅದೊಂದು ಅಪಾಯಕಾರಿ ಸಂಪ್ರದಾಯವಾಗಿ ಕಂಡಿತು. ಸಂಪ್ರದಾಯವನ್ನು ನಿಲ್ಲಿಸಿದರೆ ರೋಗ ನಿಲ್ಲುತ್ತದೆ ಎಂಬುದು ಅವರ ಸರಳವಾದ ಲೆಕ್ಕ. ರಿಚರ್ಡ್ಸ್ ನಮ್ಮನ್ನು ಆ ಸಂಪ್ರದಾಯದ ಒಳಗೆ ಕರೆದೊಯ್ಯುತ್ತಾರೆ. ಹೆಣಕ್ಕೆ ಸ್ನಾನ ಮಾಡಿಸುವುದು, ಬಟ್ಟೆ ಸುತ್ತುವುದು, ಹೊರುವುದು, ಗುಂಡಿಗಿಳಿಸುವುದು, ಎಲ್ಲವೂ ಕಲಿತು ಮಾಡಬೇಕಾದ ಕೈಗೆಲಸಗಳು. ಫ್ರೆಂಚ್ ಪಂಡಿತ ಮಾರ್ಸೆಲ್ ಮೋಸ್ ದೇಹದ ಕೌಶಲಗಳೆಂದು ವಿವರಿಸಿದ್ದನ್ನು ಅವರು ಇಲ್ಲಿ ನೆನೆಯುತ್ತಾರೆ. ಸಂಸ್ಕಾರದ ಜೊತೆಗೆ ಬದುಕಿರುವವರ ವ್ಯವಹಾರವೂ ಹೆಣೆದುಕೊಂಡಿದೆ. ಮದುವೆಯ ಕಾಲಕ್ಕೆ ಹೆಣ್ಣಿನ ಕಡೆಯವರಿಗೆ ಕೊಡಬೇಕಾದದ್ದನ್ನು ಗಂಡ ಪೂರ್ತಿ ಕೊಟ್ಟಿರದಿದ್ದರೆ ಸತ್ತ ಹೆಂಡತಿಯ ದೇಹ ಆಕೆಯ ತವರಿಗೆ ಹೋಗಬೇಕು. ಹೀಗೆ ಹೆಣ ಒಂದು ಊರಿನಿಂದ ಇನ್ನೊಂದು ಊರಿಗೆ ಪ್ರಯಾಣ ಮಾಡುತ್ತದೆ. ಅದರೊಡನೆ ರೋಗವೂ ಪ್ರಯಾಣ ಮಾಡುತ್ತದೆ. ಮೂಢನಂಬಿಕೆ ಎಂಬ ಒಂದೇ ಮಾತಿನಿಂದ ಇದನ್ನು ಬಗೆಹರಿಸಲಾಗದು. ಮಗ್ಗುಲ ಮನೆಯವರೊಡನೆ ಋಣ ತೀರಿಸದೆ ಹೆಣ ಎತ್ತಬೇಡಿ ಎಂದು ಕಟ್ಟಳೆಯಿರುವಲ್ಲಿ, ಋಣವನ್ನು ತೀರಿಸುವ ಬೇರೆ ದಾರಿಯನ್ನು ಆ ಜನರೇ ಹುಡುಕಬೇಕು. ಬೇರೆಯವರಿಂದಾಗುವ ಕೆಲಸವಲ್ಲ ಅದು.

ಈ ಭಾಗವನ್ನು ಓದುವಾಗ ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ ನನಗೆ ನೆನಪಾಗದೆ ಇರಲಿಲ್ಲ. ೧೯೬೫ರಲ್ಲಿ ಬಂದ ಆ ಕಾದಂಬರಿಯಲ್ಲಿಯೂ ಸಾಂಕ್ರಾಮಿಕ ರೋಗವಿದೆ, ಎತ್ತದೆ ಬಿದ್ದಿರುವ ಹೆಣವಿದೆ, ಯಾರು ಸಂಸ್ಕಾರ ಮಾಡಬೇಕೆಂಬ ಬಗೆಹರಿಯದ ಪ್ರಶ್ನೆಯಿದೆ. ಪಂಡಿತರು ಗ್ರಂಥಗಳನ್ನು ಮಗುಚುತ್ತಿರುವಾಗ ಹೆಣ ಕೊಳೆಯುತ್ತದೆ; ಕೊನೆಗೆ ಚಂದ್ರಿ ರಾತ್ರಿಯ ಹೊತ್ತಿನಲ್ಲಿ ಒಬ್ಬ ಮುಸಲ್ಮಾನನ ನೆರವಿನಿಂದ ಅದನ್ನು ಸುಟ್ಟುಬಿಡುತ್ತಾಳೆ. ಕಾದಂಬರಿಯ ಉದ್ದೇಶ ಬೇರೆ, ರಿಚರ್ಡ್ಸ್ ಅವರ ಉದ್ದೇಶ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಉಚಿತವಲ್ಲ. ಆದರೆ ಅಧಿಕಾರವುಳ್ಳವರು ವಿಧಿಯನ್ನು ಚರ್ಚಿಸುತ್ತಿರುವಾಗ ಅಧಿಕಾರವಿಲ್ಲದವರು ಕೆಲಸ ಮಾಡಿ ಮುಗಿಸುತ್ತಾರೆ ಎಂಬ ಸತ್ಯ ಎರಡು ಕಡೆಯೂ ಇದೆ.

ಪಶ್ಚಿಮ ಆಫ್ರಿಕದಲ್ಲಿ ಮೊದಲು ನಡೆದದ್ದು ಬಲಾತ್ಕಾರದ ಶವಸಂಸ್ಕಾರ. ಕವಚ ತೊಟ್ಟ ತಂಡ ಬಂದು, ಔಷಧ ಸಿಂಪಡಿಸಿ, ದೇಹವನ್ನು ಚೀಲದಲ್ಲಿ ಕಟ್ಟಿಕೊಂಡು ಹೋಗುತ್ತಿತ್ತು. ಎಷ್ಟೋ ಮನೆಯವರಿಗೆ ತಮ್ಮವರನ್ನು ಎಲ್ಲಿ ಹೂಳಿದರೆಂಬುದೇ ತಿಳಿಯಲಿಲ್ಲ. ಲೈಬೀರಿಯದ ರಾಜಧಾನಿಯಲ್ಲಿ ಹೆಣಗಳನ್ನು ಸುಡುವಂತೆ ಆಜ್ಞೆಯಾಯಿತು. ಸುಡುವ ರೂಢಿಯಿಲ್ಲದ ಜನಕ್ಕೆ ಅದು ಎರಡನೆಯ ಸಾವು. ಫಲವೇನಾಯಿತು? ಜನ ರೋಗಿಗಳನ್ನು ಬಚ್ಚಿಟ್ಟರು. ಹೆಣಗಳನ್ನು ರಾತ್ರಿಯಲ್ಲಿ ಹೂತರು. ೨೦೧೪ರ ಸೆಪ್ಟೆಂಬರಿನಲ್ಲಿ ಗಿನಿಯ ವೋಮೆ ಎಂಬ ಹಳ್ಳಿಯಲ್ಲಿ ತಿಳಿವಳಿಕೆ ಹೇಳಲು ಹೋದ ತಂಡದ ಎಂಟು ಜನರನ್ನು ಕೊಂದುಹಾಕಿದರು. ಕೊಲೆಗೆ ಸಮರ್ಥನೆಯಿಲ್ಲ. ಆದರೆ ಪ್ಲೇಗಿನ ಕಾಲದಲ್ಲಿ ಸೈನಿಕರು ಮನೆಮನೆಗೆ ನುಗ್ಗಿದ್ದನ್ನೂ, ೧೮೯೭ರಲ್ಲಿ ಪುಣೆಯಲ್ಲಿ ಅಧಿಕಾರಿ ರ್‍ಯಾಂಡನ ಕೊಲೆಯಾದದ್ದನ್ನೂ ಓದಿ ಬಲ್ಲ ನಮಗೆ ಇದರ ಕಾರಣಪರಂಪರೆ ಅರ್ಥವಾಗದೆ ಹೋಗುವುದಿಲ್ಲ.

೨೦೧೪ರ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶವಸಂಸ್ಕಾರಕ್ಕೆ ಹೊಸ ವಿಧಾನವನ್ನು ಪ್ರಕಟಿಸಿತು. ಸಂಸ್ಕಾರ ಸುರಕ್ಷಿತವೂ ಗೌರವಯುತವೂ ಆಗಿರಬೇಕು ಎಂದು ಅದರ ಶೀರ್ಷಿಕೆಯಲ್ಲಿಯೇ ಇತ್ತು. ಮನೆಯವರು ಜೊತೆಗಿರಬಹುದು, ಇಮಾಮರೋ ಪಾದ್ರಿಗಳೋ ಪ್ರಾರ್ಥನೆ ಹೇಳಬಹುದು, ನೀರು ಮುಟ್ಟಿಸದೆ ಸಾಂಕೇತಿಕವಾಗಿ ಶುದ್ಧಿ ಮಾಡಬಹುದು, ಗೋರಿಗೆ ಗುರುತು ಹಾಕಬೇಕು. ಗೌರವಯುತ ಎಂಬುದು ವ್ಯಾಕರಣದಲ್ಲಿ ಒಂದು ವಿಶೇಷಣ ಮಾತ್ರ. ಆದರೆ ಆ ಒಂದು ವಿಶೇಷಣ ಜಿನೀವಾದ ಕಚೇರಿಯೊಳಗೆ ಬರಬೇಕಾದರೆ ಎಷ್ಟು ಹಳ್ಳಿಗಳ ಜನ ಹಟ ಹಿಡಿಯಬೇಕಾಯಿತು! ಸಂಶೋಧನೆಯಲ್ಲಿ ಸಮುದಾಯದ ಪಾಲು ಎಂಬುದಕ್ಕೆ ಇದಕ್ಕಿಂತ ಚೊಕ್ಕವಾದ ಉದಾಹರಣೆ ನನಗೆ ತೋರದು. ಜನ ವೈರಸ್ಸಿನ ವಿಜ್ಞಾನವನ್ನು ಸುಳ್ಳೆನ್ನಲಿಲ್ಲ. ಆ ವಿಜ್ಞಾನ ಕೇಳದೆ ಬಿಟ್ಟಿದ್ದ ಪ್ರಶ್ನೆಯನ್ನು ಕೇಳಿದರು. ಹೆಣವನ್ನು ಮುಟ್ಟದೆ ಅದಕ್ಕೆ ಮರ್ಯಾದೆ ಮಾಡುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆ ಬಚ್ಚಿಡುವುದಕ್ಕೆ ಕಾರಣ ಉಳಿಯಲಿಲ್ಲ.

ಇಷ್ಟರಮಟ್ಟಿಗೆ ನಾನು ಗ್ರಂಥಕರ್ತರ ಜೊತೆ ಸಂತೋಷವಾಗಿ ನಡೆದುಬರುತ್ತೇನೆ. ಮುಂದೆ ಅವರು ಇನ್ನೂ ದೊಡ್ಡ ಮಾತನ್ನು ಹೇಳುತ್ತಾರೆ. ರೋಗ ಮೊದಲು ಕಾಲಿಟ್ಟ ಸಿಯೆರಾ ಲಿಯೋನಿನ ಪೂರ್ವದ ಜಿಲ್ಲೆಗಳಲ್ಲಿ, ಲೈಬೀರಿಯದ ಲೋಫಾ ಪ್ರಾಂತದಲ್ಲಿ, ಹೊರದೇಶಗಳ ದೊಡ್ಡ ನೆರವು ಬಂದು ಮುಟ್ಟುವುದಕ್ಕೆ ಮೊದಲೇ ರೋಗ ಇಳಿಮುಖವಾಗಿತ್ತು. ಅದಕ್ಕೆ ಕಾರಣ ಜನ ನೋಡಿ, ಎಣಿಸಿ, ತಾವೇ ಕಲಿತದ್ದು ಎಂದು ಅವರ ವಾದ. ಊರಬಾಗಿಲಲ್ಲಿ ಹುಡುಗರು ಕಾವಲು ನಿಂತರು, ಹೊಸಬರನ್ನು ತಡೆದರು, ಕೈ ತೊಳೆಯಲು ನೀರಿಟ್ಟರು, ನಾಯಕರು ಕಟ್ಟಳೆ ಮಾಡಿ ಕಳ್ಳಸಂಸ್ಕಾರಕ್ಕೆ ದಂಡ ಹಾಕಿದರು. ಲೈಬೀರಿಯದ ಒಬ್ಬ ಶುಶ್ರೂಷಾ ವಿದ್ಯಾರ್ಥಿನಿ ಕಸದ ಪ್ಲಾಸ್ಟಿಕ್ ಚೀಲಗಳನ್ನು ಕೈಕಾಲಿಗೆ ಕಟ್ಟಿಕೊಂಡು ಮನೆಯ ನಾಲ್ವರನ್ನು ಆರೈಕೆ ಮಾಡಿ ಮೂವರನ್ನು ಉಳಿಸಿಕೊಂಡ ಸುದ್ದಿ ಆ ದಿನಗಳಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಇಂಥ ನೂರು ಉಪಾಯಗಳನ್ನು ಒಟ್ಟುಗೂಡಿಸಿ ನೋಡಿದರೆ ವಿಜ್ಞಾನವೆನ್ನಬೇಕೋ ಬೇಡವೋ? ಗಮನಿಸುವುದು, ಊಹಿಸುವುದು, ಮಾಡಿ ನೋಡುವುದು, ತಪ್ಪಿದರೆ ತಿದ್ದುವುದು: ವಿಜ್ಞಾನದ ಲಕ್ಷಣವೆಂದು ನಾವು ಶಾಲೆಯಲ್ಲಿ ಕಲಿತದ್ದು ಇದನ್ನೇ. ಆ ಹೆಸರಿಗೆ ನನ್ನ ಆಕ್ಷೇಪವಿಲ್ಲ.

ಆಕ್ಷೇಪವಿರುವುದು ಜನ ಎಂಬ ಶಬ್ದಕ್ಕೆ. ಈ ಗ್ರಂಥದಲ್ಲಿ ಜನ ಎಂದರೆ ಯಾರು? ಕಟ್ಟಳೆ ಮಾಡಿದ ನಾಯಕನೂ ಜನ; ದಂಡ ತೆತ್ತ ಬಡವಿಯೂ ಜನ; ಕಾವಲು ನಿಂತ ಹುಡುಗನೂ ಜನ; ಅವನು ತಡೆದು ಹಿಂದಕ್ಕೆ ಕಳಿಸಿದ ನೆಂಟನೂ ಜನ. ಕಟ್ಟಳೆಗಳಿಂದ ರೋಗ ಕಡಮೆಯಾಗಿರಬಹುದು. ಆದರೆ ಅವುಗಳ ಭಾರ ಎಲ್ಲರ ಮೇಲೂ ಸಮವಾಗಿ ಬೀಳಲಾರದು. ಸಿಯೆರಾ ಲಿಯೋನಿನ ನಾಯಕರ ದರ್ಪ, ಅದರಿಂದ ನೊಂದ ತರುಣರ ಸಿಟ್ಟು, ೧೯೯೧ರಿಂದ ೨೦೦೨ರವರೆಗೆ ನಡೆದ ಅಂತರ್ಯುದ್ಧಕ್ಕೂ ಅದಕ್ಕೂ ಇದ್ದ ಸಂಬಂಧ, ಇವು ರಿಚರ್ಡ್ಸ್ ಅವರಿಗೆ ತಿಳಿಯದವಲ್ಲ; ಆ ಯುದ್ಧದ ಮೇಲೆ ಬಹಳ ಚರ್ಚೆಗೊಳಗಾದ ಗ್ರಂಥವನ್ನು ಬರೆದವರೇ ಅವರು. ಆದರೂ ಇಲ್ಲಿ ಅವರ ಲೇಖನಿ ಊರನ್ನು ಒಂದೇ ಮನಸ್ಸಿನ ಪ್ರಾಣಿಯಂತೆ ಚಿತ್ರಿಸುವುದುಂಟು. ಊರೆಂದರೆ ಒಂದು ಮನಸ್ಸಲ್ಲ ಎಂಬುದು ಊರಿನಲ್ಲಿ ಬೆಳೆದ ಯಾರಿಗೂ ಗೊತ್ತು. ಸಮುದಾಯವನ್ನು ಸಂಶೋಧನೆಗೆ ಪಾಲುಗಾರನನ್ನಾಗಿ ಮಾಡಿಕೊಳ್ಳುತ್ತೇವೆ ಎನ್ನುವವರು ಮೊದಲು ಹೇಳಬೇಕಾದದ್ದು, ಊರಿನ ಯಾವ ಜಗಲಿಯಲ್ಲಿ ಕುಳಿತು ಮಾತನಾಡಿದೆವು ಎಂಬುದನ್ನು.

ಎರಡನೆಯ ಕೊರತೆ ಸಾಹಿತ್ಯದ ದೃಷ್ಟಿಯಿಂದ ಹೇಳಬೇಕಾದದ್ದು. ಹಳ್ಳಿಗರ ಮಾತುಗಳು ಗ್ರಂಥದಲ್ಲಿ ಬರುತ್ತವೆ, ಆದರೆ ಪ್ರಶ್ನೆಗೆ ಉತ್ತರವಾಗಿ ಬರುತ್ತವೆ. ಪ್ರಶ್ನೆಯನ್ನು ಇಟ್ಟವರು ಸಂಶೋಧಕರು. ಪುಸ್ತಕ ಮುಚ್ಚಿದ ಮೇಲೆ ಒಬ್ಬ ಮುದುಕಿಯ ಮುಖವಾಗಲಿ, ಒಬ್ಬ ಗೋರಿ ತೋಡುವವನ ಹಾಸ್ಯವಾಗಲಿ ನಮ್ಮ ಮನಸ್ಸಿನಲ್ಲಿ ಉಳಿಯುವುದಿಲ್ಲ, ಉಳಿಯುವುದು ವಾದ. ವಾದ ಸೊಗಸಾಗಿದೆ, ನಿಜ. ಆದರೆ ಜನರ ಬುದ್ಧಿಯನ್ನು ಎತ್ತಿಹಿಡಿಯುವ ಗ್ರಂಥದಲ್ಲಿ ಆ ಬುದ್ಧಿ ತನ್ನ ಸ್ವಂತ ಧ್ವನಿಯಲ್ಲಿ ಒಂದೆರಡು ಅಧ್ಯಾಯಗಳಾದರೂ ಮಾತನಾಡಬೇಕಾಗಿತ್ತು. ಅವಸರದ ಗುರುತುಗಳೂ ಅಲ್ಲಲ್ಲಿ ಇವೆ. ಒಂದೇ ಮಾತು ಎರಡು ಮೂರು ಕಡೆ ಬರುತ್ತದೆ. ಆಸ್ಪತ್ರೆಗಳ, ಪ್ರಯೋಗಶಾಲೆಗಳ ಪಾಲನ್ನು ತೂಗುವಾಗ ತಕ್ಕಡಿ ಹಳ್ಳಿಯ ಕಡೆಗೆ ಸ್ವಲ್ಪ ವಾಲಿದೆ ಎಂದೂ ನನಗನ್ನಿಸಿತು.

ಈ ಮಾತು ನಮ್ಮನ್ನು ಗ್ರಂಥದ ಆಚೆಗೆ, ಅದೇ ಕಾಲದಲ್ಲಿ ಅದೇ ನೆಲದಲ್ಲಿ ನಡೆದ ಔಷಧ ಸಂಶೋಧನೆಯ ಕಡೆಗೆ ಒಯ್ಯುತ್ತದೆ. ೨೦೧೫ರಲ್ಲಿ ಗಿನಿಯಲ್ಲಿ ಎಬೋಲ ಲಸಿಕೆಯ ಪರೀಕ್ಷೆ ನಡೆಯಿತು. ಕ್ರಮ ಹೀಗಿತ್ತು: ಒಬ್ಬ ಹೊಸ ರೋಗಿ ಸಿಕ್ಕಿದೊಡನೆ ಅವನ ಸಂಪರ್ಕಕ್ಕೆ ಬಂದವರ ಪಟ್ಟಿ, ಆ ಸಂಪರ್ಕದವರ ಸಂಪರ್ಕದವರ ಪಟ್ಟಿ ಮಾಡುವುದು, ಅವರೆಲ್ಲ ಸೇರಿ ಒಂದು ಬಳೆ. ಚೀಟಿ ಎತ್ತಿದ ಹಾಗೆ ಕೆಲವು ಬಳೆಗಳಿಗೆ ಒಡನೆಯೇ, ಕೆಲವಕ್ಕೆ ೨೧ ದಿನ ತಡೆದು ಲಸಿಕೆ. ೨೦೧೬ರ ಡಿಸೆಂಬರಿನಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಲಸಿಕೆ ಪಡೆದ ೫,೮೩೭ ಜನರಲ್ಲಿ ಹತ್ತು ದಿನಗಳ ಅನಂತರ ಒಬ್ಬರಿಗೂ ರೋಗ ಕಾಣಿಸಲಿಲ್ಲ. ಇದು ಆಧುನಿಕ ವೈದ್ಯದ ದೊಡ್ಡ ಗೆಲುವು. ಆದರೆ ಆ ಬಳೆಯನ್ನು ಎಳೆದವರು ಯಾರು? ಸತ್ತವನ ಮನೆಗೆ ಯಾರು ಬಂದು ಅತ್ತರು, ಯಾರು ಅನ್ನ ತಂದುಕೊಟ್ಟರು, ಯಾರು ಮುಟ್ಟಿದರು ಎಂಬುದು ಯಾವ ಕಚೇರಿಯ ದಾಖಲೆಯಲ್ಲೂ ಇರಲಿಲ್ಲ, ನೆರೆಹೊರೆಯವರ ನೆನಪಿನಲ್ಲಿತ್ತು. ಅವರು ಬಾಯಿ ಮುಚ್ಚಿದ್ದರೆ ಬಳೆಯಿಲ್ಲ, ಪರೀಕ್ಷೆಯಿಲ್ಲ, ಲಸಿಕೆಯೂ ಇಲ್ಲ. ೨೦೧೫ರ ಜೂನಿನಲ್ಲಿ ಘಾನಾ ದೇಶದ ಹೊಹೋಯೆಯಲ್ಲಿ ನಡೆಯಬೇಕಾಗಿದ್ದ ಇನ್ನೊಂದು ಎಬೋಲ ಲಸಿಕೆಯ ಪರೀಕ್ಷೆ ಜನರ ಅಂಜಿಕೆಯಿಂದಲೂ ಪ್ರತಿಭಟನೆಯಿಂದಲೂ ನಿಂತುಹೋಯಿತು. ಲಸಿಕೆಯ ಗುಣದೋಷ ಅಲ್ಲಿ ವಿಚಾರಕ್ಕೇ ಬರಲಿಲ್ಲ.

ಪಾಲು ಎಂಬುದರ ಇನ್ನೊಂದು ಮುಖ ಕೆನೆಮಾ ಊರಿನ ಸರಕಾರಿ ಆಸ್ಪತ್ರೆಯಲ್ಲಿ ಕಾಣುತ್ತದೆ. ೭೮ ರೋಗಿಗಳ ರಕ್ತದಿಂದ ೯೯ ವೈರಸ್ ಜೀನೋಮುಗಳನ್ನು ಓದಿ ರೋಗ ಹೇಗೆ ಹಬ್ಬಿತೆಂದು ತೋರಿಸಿದ ಲೇಖನ ೨೦೧೪ರ ಆಗಸ್ಟಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಅದರ ಲೇಖಕರ ಪಟ್ಟಿಯಲ್ಲಿ ಸಿಯೆರಾ ಲಿಯೋನಿನವರೂ ಇದ್ದರು. ಲೇಖನ ಅಚ್ಚಾಗುವ ಹೊತ್ತಿಗೆ ಲೇಖಕರಲ್ಲಿ ಐವರು ಎಬೋಲದಿಂದ ಸತ್ತಿದ್ದರು. ಡಾಕ್ಟರ್ ಶೇಖ್ ಉಮರ್ ಖಾನ್ ಅವರಲ್ಲೊಬ್ಬರು. ದಾದಿ ಎಂಬಾಲು ಫೋನಿ ಇನ್ನೊಬ್ಬರು. ದಾದಿಯ ಹೆಸರು ಪ್ರಾಧ್ಯಾಪಕರ ಹೆಸರಿನ ಜೊತೆಗೆ ಒಂದೇ ಸಾಲಿನಲ್ಲಿ ಬಂದದ್ದು ಗೌರವದ ಮಾತು. ಅದಕ್ಕೆ ತೆತ್ತ ಬೆಲೆ ಮಾತ್ರ ಸಮವಾಗಿರಲಿಲ್ಲ. ಆ ಕಾಲದಲ್ಲಿ ಸಾವಿರಾರು ರಕ್ತದ ಮಾದರಿಗಳು ದೇಶ ಬಿಟ್ಟು ಪರದೇಶದ ಪ್ರಯೋಗಶಾಲೆಗಳನ್ನು ಸೇರಿದವು. ಬಿಳಿಯರು ರಕ್ತ ಒಯ್ದು ಮಾರುತ್ತಾರೆ ಎಂಬ ಗಾಳಿಮಾತು ಹಳ್ಳಿಗಳಲ್ಲಿ ಹುಟ್ಟಿತು. ಮಾರಾಟದ ಮಾತು ಕಲ್ಪನೆಯಿರಬಹುದು, ಒಯ್ದದ್ದು ಕಲ್ಪನೆಯಲ್ಲ. ಗಾಳಿಮಾತನ್ನು ಅಳಿಸಲು ಹೊರಡುವುದಕ್ಕೆ ಮೊದಲು ಅದರೊಳಗಿನ ಪ್ರಶ್ನೆಗೆ ಉತ್ತರ ಕೊಡಬೇಕು: ನಮ್ಮ ರಕ್ತ ಎಲ್ಲಿದೆ, ಅದರಿಂದ ಏನು ತಿಳಿಯಿತು, ತಿಳಿದದ್ದರಿಂದ ನಮಗೇನು ಬಂತು?

ಲಸಿಕೆ ಒಂದಿದ್ದರೆ ಸಾಕು, ಇಷ್ಟೆಲ್ಲ ಮಾತು ಏಕೆ ಎನ್ನುವವರಿಗೆ ಕಾಂಗೋ ದೇಶದ ಪೂರ್ವಭಾಗ ಉತ್ತರ ಹೇಳಿತು. ೨೦೧೮ರ ಆಗಸ್ಟಿನಿಂದ ೨೦೨೦ರ ಜೂನಿನವರೆಗೆ ಅಲ್ಲಿ ಎಬೋಲ ಹಬ್ಬಿದಾಗ ಲಸಿಕೆಯಿತ್ತು. ಮೂರು ಲಕ್ಷಕ್ಕೂ ಹೆಚ್ಚು ಜನಕ್ಕೆ ಅದನ್ನು ಹಾಕಿದರು. ಆದರೂ ೨,೨೦೦ಕ್ಕೂ ಹೆಚ್ಚು ಜನ ಸತ್ತರು. ಯುದ್ಧದಿಂದ ನೊಂದ ಆ ಸೀಮೆಯ ಜನಕ್ಕೆ ಬಂದವರ ಮೇಲೆ ನಂಬಿಕೆಯಿರಲಿಲ್ಲ. ೨೦೧೯ರಲ್ಲಿ ಚಿಕಿತ್ಸಾಕೇಂದ್ರಗಳ 위ೆ ದಾಳಿಗಳಾದವು. ಒಬ್ಬ ವೈದ್ಯರ ಕೊಲೆಯೂ ಆಯಿತು. ರಿಚರ್ಡ್ಸ್ ಅವರ ಗ್ರಂಥ ಅಚ್ಚಾಗಿ ಎರಡು ವರ್ಷವಾಗಿತ್ತು. ಪಾಠ ಪುಸ್ತಕದಲ್ಲಿ ಇದ್ದಮಾತ್ರಕ್ಕೆ ಕಲಿತಂತಾಗುವುದಿಲ್ಲ.

ನಮ್ಮ ಭಾಷೆಯಲ್ಲಿ ಪಾಲು ಎಂಬ ಶಬ್ದಕ್ಕೆ ಹೊಲದ ಮಣ್ಣು ಅಂಟಿಕೊಂಡಿದೆ. ಪಾಲಿಗೆ ಹೊಲ ಮಾಡುವ ರೈತನಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ: ದುಡಿಮೆಯಲ್ಲಿ ಪಾಲು, ಮಳೆ ಹೋದರೆ ನಷ್ಟದಲ್ಲಿ ಪಾಲು, ಕಣದಲ್ಲಿ ರಾಶಿಯಾದಾಗ ಕಾಳಿನಲ್ಲಿ ಪಾಲು. ಆದರೆ ಏನನ್ನು ಬಿತ್ತಬೇಕೆಂದು ನಿರ್ಧರಿಸುವ ಮಾತಿನಲ್ಲಿ ಅವನಿಗೆ ಪಾಲು ಸಿಕ್ಕುವುದು ಕಷ್ಟ. ಜಾಗತಿಕ ಆರೋಗ್ಯ ಸಂಶೋಧನೆಯ ಸಹಭಾಗಿತ್ವದ ಸ್ಥಿತಿಯೂ ಬಹುಮಟ್ಟಿಗೆ ಇದೇ. ದುಡಿಮೆಯನ್ನೂ ನಷ್ಟವನ್ನೂ ಹಳ್ಳಿ ಈಗಾಗಲೇ ಹಂಚಿಕೊಂಡಿದೆ. ಕಾಳಿನ ಪಾಲು ಅಲ್ಲಲ್ಲಿ ಸಿಕ್ಕುತ್ತಿದೆ. ಬಿತ್ತುವ ಮಾತಿನಲ್ಲಿ, ಎಂದರೆ ಯಾವ ಪ್ರಶ್ನೆಯನ್ನು ಕೇಳಬೇಕು ಎಂಬಲ್ಲಿ, ಪಾಲು ಸಿಕ್ಕಿದಾಗಲೇ ಆ ಶಬ್ದ ನಿಜವಾಗುತ್ತದೆ. ರಿಚರ್ಡ್ಸ್ ಇದನ್ನು ಈ ಮಾತುಗಳಲ್ಲಿ ಹೇಳುವುದಿಲ್ಲ. ಆದರೆ ಅವರ ಶವಸಂಸ್ಕಾರದ ಅಧ್ಯಾಯಗಳನ್ನು ಓದಿದವನು ಬೇರೆ ತೀರ್ಮಾನಕ್ಕೆ ಬರುವುದು ಕಷ್ಟ.

ಕೊರತೆಗಳಿದ್ದರೂ ಇದು ಓದಲೇಬೇಕಾದ ಗ್ರಂಥ. ವೈದ್ಯಕೀಯ ವಿದ್ಯಾರ್ಥಿಗಳು ಓದಬೇಕು. ಅವರಿಗಿಂತ ಮೊದಲು ಆರೋಗ್ಯ ಇಲಾಖೆಯ ಅಧಿಕಾರಿಗಳು ಓದಬೇಕು. ಕನ್ನಡಕ್ಕೆ ಇದು ಬರುವುದಾದರೆ ಅನುವಾದಕರು ಕಠಿನವಾದ ಪಾರಿಭಾಷಿಕ ಶಬ್ದಗಳನ್ನು ಹೊಸದಾಗಿ ಕಟ್ಟುವ ತೊಂದರೆಗೆ ಹೋಗಬೇಕಾಗಿಲ್ಲ. ಆರೈಕೆ, ಹೆಗಲು ಕೊಡುವುದು, ಮಣ್ಣು ಮಾಡುವುದು, ಮುಟ್ಟು, ಮಡಿ, ಸೂತಕ: ಈ ಪುಸ್ತಕಕ್ಕೆ ಬೇಕಾದ ಶಬ್ದಗಳೆಲ್ಲ ನಮ್ಮ ಹಳ್ಳಿಯ ಮನೆಗಳಲ್ಲಿ ಇವೆ. ಅವುಗಳ ಜೊತೆಗೆ ಎಷ್ಟು ತಿಳಿವಳಿಕೆ ಅಲ್ಲಿ ಇದೆ ಎಂಬುದನ್ನು ಸೊರಬದ ಕಡೆಯ ಯಾವ ಹಳ್ಳಿಗಾದರೂ ಹೋಗಿ ಕೇಳುವವರು ಬೇಕು. ಕೇಳಿದ ಮೇಲೆ, ಹೇಳಿದವರ ಹೆಸರನ್ನೂ ಬರೆಯುವವರು ಬೇಕು.